ಹಿರಿಯರ ಹಬ್ಬದ ದಿನ ಊದಿಸಿದ್ದು

ನ್ಯಾಮತಿಯ ನಮ್ಮ ಬಸ್ ಶೆಡ್ಡಿನಲ್ಲಿ ಬೆಳಗಿನ ಐದೂವರೆಗೆ ಎಲ್ಲವೂ ಅರೆನಿದ್ದೆಯಲ್ಲಿರುತ್ತದೆ. ಮಂಜಿನಲ್ಲಿ ನಿಂತ ಬಸ್ಸುಗಳು ಮೆಲುಕು ಹಾಕುವ ದನಗಳ ಹಾಗೆ ಕಾಣುತ್ತವೆ. ಕಂಡಕ್ಟರುಗಳಿಗೆ ಟಿಕೆಟ್ ಮಶೀನು, ಡ್ರೈವರುಗಳಿಗೆ ಕೀಲಿ ಕೊಡುವುದು ನನ್ನ ಕೆಲಸ. ಹೆಸರಿಗೆ ಮೇನೇಜರು.

ಆ ವರ್ಷ ಮಹಾನವಮಿ ಹತ್ತಿರ ಬಂದಾಗ ಮಾಲೀಕರು ಕುಡಿದವರನ್ನು ಪತ್ತೆಹಚ್ಚುವ, ಅಂಗೈಯಷ್ಟು ದೊಡ್ಡದೊಂದು ಕಪ್ಪು ಯಂತ್ರ ತಂದು ನನ್ನ ಮೇಜಿನ ಮೇಲಿಟ್ಟರು.

"ದೀಪಾವಳಿ ಮುಗಿಯೋ ತನಕ ಇದಕ್ಕೆ ಊದದೆ ಯಾರಿಗೂ ಕೀಲಿ ಕೊಡ್ಬ್ಯಾಡ್ರಿ. ಕೆಂಪು ದೀಪ ಬಂತಾ, ಅವ್ನು ಮತ್ತೆ ಈ ಶೆಡ್ಡಿಗೆ ಬರಂಗಿಲ್ಲ."

ನನಗೆ ಒಳಗೊಳಗೇ ಖುಷಿಯಾಯಿತು. ಕುಡಿದವರ ವಾಸನೆ ಬಂದರೆ ಬೀದಿ ಬದಲಿಸುವ ಮನುಷ್ಯ ನಾನು. ಅಪ್ಪ ಕುಡಿದು ಕುಡಿದೇ ಹೋದ. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಇಡುವಾಗ ಅವರವರು ಆಸೆಪಟ್ಟು ತಿಂದದ್ದು, ಕುಡಿದದ್ದು ಇಡುವುದು ನಮ್ಮ ಮನೆಯ ಪದ್ಧತಿ. ಅಜ್ಜಿಗೆ ಎಲೆಅಡಿಕೆ, ಅಜ್ಜನಿಗೆ ಬೀಡಿ ಇಡುತ್ತಿದ್ದೆ. ಅಪ್ಪನಿಗೆ ಮಾತ್ರ ಬಾಟಲಿ ಇಡಲು ಬಿಡುತ್ತಿರಲಿಲ್ಲ.

"ಬೇಕಾದ್ದು ಇಡದಿದ್ರೆ ಅವ್ರು ಒಳಗೆ ಬರಾದಿಲ್ಲ ಕಣಪ್ಪ, ಬಾಗಿಲಾಗೇ ನಿಂತ್ಕಂತಾರೆ" ಎಂದು ಅವ್ವ ಬೇಡಿಕೊಳ್ಳುತ್ತಿದ್ದಳು.

"ನಿಂತ್ಕಳ್ಳಿ ಬಿಡು. ನಾವು ಅವ್ನಿಗೆ ಬಾಗಿಲಾಗೆ ಕಾದಿಲ್ವಾ?" ಎನ್ನುತ್ತಿದ್ದೆ. ಹನ್ನೊಂದು ವರ್ಷ ಅದನ್ನೇ ಹೇಳಿದೆ.

ನಮ್ಮಲ್ಲಿ ಜಗಳೂರು ಗಾಡಿ ಓಡಿಸುವ ಹಿರಿಯ ಡ್ರೈವರೊಬ್ಬರಿದ್ದರು. ಐವತ್ತೈದು ದಾಟಿದವರು, ನಾವೆಲ್ಲ ಅಣ್ಣ ಅನ್ನುತ್ತಿದ್ದೆವು. ಹೊನ್ನಾಳಿಯಲ್ಲಿ ಹತ್ತಿದ ಮೇಷ್ಟ್ರುಗಳು, ನರ್ಸಮ್ಮಂದಿರು ದಾವಣಗೆರೆ ದಾಟುವವರೆಗೂ ಕಿಟಕಿಗೆ ತಲೆ ಕೊಟ್ಟು ಮಲಗುತ್ತಿದ್ದರು. ಅಣ್ಣ ಬ್ರೇಕ್ ಹಾಕಿದ್ದು ನಿದ್ದೆಯಲ್ಲಿ ಗೊತ್ತೇ ಆಗುವುದಿಲ್ಲ ಎಂದು ಪ್ರಯಾಣಿಕರು ಹೇಳುತ್ತಿದ್ದರು. ಅಣ್ಣ ಕುಡಿದದ್ದನ್ನು ಕಂಡವರಿರಲಿಲ್ಲ.

ಅಮಾವಾಸ್ಯೆಯ ಬೆಳಗ್ಗೆ ಅಣ್ಣ ತಲೆಗೂದಲು ಒದ್ದೆಯಾಗಿಯೇ ಬಂದರು. ಅವರ ಮನೆ ಶೆಡ್ಡಿನ ಹಿಂದಿನ ಓಣಿಯಲ್ಲೇ. ಅಂಗಿಯಿಂದ ಲೋಬಾನದ ಹೊಗೆಯ ವಾಸನೆ ಬರುತ್ತಿತ್ತು.

"ಶಾಸ್ತ್ರಕ್ಕೆ ನೀವೂ ಒಂದ್ಸಲ ಊದ್ಬಿಡ್ರಿ ಅಣ್ಣ" ಎಂದೆ.

ನಗುತ್ತಲೇ ಊದಿದರು. ಕೆಂಪು ದೀಪ ಹತ್ತಿತು. ಯಂತ್ರ ಕೆಟ್ಟಿರಬೇಕೆಂದು ತಕ್ಷಣ ಮತ್ತೆ ಊದಿಸಿದೆ. ಮತ್ತೂ ಕೆಂಪು. ಪಕ್ಕದಲ್ಲಿದ್ದ ಕಂಡಕ್ಟರು ಬೇರೆ ಕಡೆ ತಿರುಗಿಕೊಂಡ.

"ಕುಡ್ದಿಲ್ಲ ರೀ" ಅಂದರು ಅಣ್ಣ. "ಗಾಡಿಗೆ ಹೊತ್ತಾಗ್ತೈತಂತ ನಸುಕಿನಾಗೇ ಅಪ್ಪಗೆ ಎಡೆ, ಬಾಟ್ಲಿ ಇಟ್ಟೆ. ಆ ಬಾಟ್ಲಿಂದು ಒಂದು ಮುಚ್ಚಳ ಪ್ರಸಾದ ಅಂತ ಬಾಯಿಗೆ ಹಾಕ್ಕಂಡು ಹಂಗೇ ಎದ್ದು ಬಂದೆ. ಅಷ್ಟೇ."

ಆ 'ಅಷ್ಟೇ' ಕೇಳಿ ನನಗೆ ಪಿತ್ತ ನೆತ್ತಿಗೇರಿತು. ನಮ್ಮಪ್ಪ ದಿನಾ ಅನ್ನುತ್ತಿದ್ದುದೂ ಅದೇ ಮಾತು. ಒಂದೇ ಮುಚ್ಚಳ, ಅಷ್ಟೇ.

"ಎಲ್ಲಾರೂ ಹಿಂಗೇ ಹೇಳ್ತಾರೆ. ಮನೆಗೆ ನಡೀರಿ" ಎಂದೆ.

ಅಣ್ಣ ಹೊರಟರು. ಬಾಗಿಲವರೆಗೆ ಹೋದವರು ತಿರುಗಿ ನಿಂತು, "ಬ್ರೇಕು ಸ್ವಲ್ಪ ಎಡಕ್ಕೆ ಎಳಿತೈತೆ. ಓಡಿಸೋನಿಗೆ ಹೇಳ್ರಿ" ಅಂದರು.

ಗಾಡಿಯ ಕೀಲಿ ಇನ್ನೊಬ್ಬ ಡ್ರೈವರಿಗೆ ಕೊಟ್ಟು ಮಾಲೀಕರಿಗೆ ಫೋನ್ ಮಾಡಿದೆ. ನಾಳೆಯಿಂದ ಅವರು ಬರುವುದು ಬೇಡ ಎಂದರು. ಬಸ್ಸಿನವರ ಬಾಯಿಗೆ ಬೀಗವಿಲ್ಲ. ಹತ್ತು ಗಂಟೆಯೊಳಗೆ ಚನ್ನಗಿರಿ ಸ್ಟ್ಯಾಂಡಿನ ಏಜೆಂಟನೂ ಫೋನ್ ಮಾಡಿ ಸುದ್ದಿ ನಿಜವೇ ಎಂದು ಕೇಳಿದ. ಇನ್ನು ಈ ವಯಸ್ಸಿನಲ್ಲಿ ಯಾವ ಮಾಲೀಕನೂ ಅಣ್ಣನ ಕೈಗೆ ಸ್ಟೀರಿಂಗ್ ಕೊಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಮಧ್ಯಾಹ್ನ ಎಡೆ ಇಡಲು ಬೈಕಿನಲ್ಲಿ ನಮ್ಮೂರು ಸವಳಂಗಕ್ಕೆ ಹೊರಟೆ. ಶೆಡ್ಡಿನಲ್ಲಿ ಬಿಡಬಾರದೆಂದು ಯಂತ್ರವನ್ನು ಡಬ್ಬಿ ಸಮೇತ ಚೀಲದಲ್ಲಿ ಹಾಕಿಕೊಂಡಿದ್ದೆ. ರಸ್ತೆಯ ಮೇಲೆ ಬಿಸಿಲು ನೀರಿನಂತೆ ಅಲುಗುತ್ತಿತ್ತು. ಮೆಕ್ಕೆಜೋಳದ ಹೊಲಗಳು ಎರಡೂ ಕಡೆ ತೂಗುತ್ತ ಹಿಂದೆ ಸರಿಯುತ್ತಿದ್ದವು. ನಾನೇ ಸರಿಯುತ್ತಿದ್ದೇನೋ, ಹೊಲಗಳೋ ತಿಳಿಯುವಂತಿರಲಿಲ್ಲ. ನ್ಯಾಮತಿ ಸಂತೆಯಿಂದ ಅಪ್ಪ ನನ್ನನ್ನು ಹೆಗಲ ಮೇಲೆ ಮಲಗಿಸಿಕೊಂಡು ತರುತ್ತಿದ್ದದ್ದು ನೆನಪಾಯಿತು. ಅವನ ಕುತ್ತಿಗೆಯಲ್ಲಿ ಆ ವಾಸನೆ ಇತ್ತು. ಆದರೂ ನನಗೆ ಅಲ್ಲಿ ಒಳ್ಳೆಯ ನಿದ್ದೆ ಬರುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ.

ಊರು ಹತ್ತಿರವಾದಾಗ ಜೀವನದಲ್ಲಿ ಮೊದಲ ಸಲ ವೈನ್ ಶಾಪಿನ ಮುಂದೆ ಬೈಕ್ ನಿಲ್ಲಿಸಿದೆ. ಒಂದು ಮುಚ್ಚಳಕ್ಕೆ ಕೆಂಪು ದೀಪ ಹತ್ತುವುದಿಲ್ಲ, ಅಣ್ಣ ಹೇಳಿದ್ದು ಸುಳ್ಳು ಎಂದು ಸಾಬೀತು ಮಾಡುವುದಕ್ಕೆ, ಬೇರೇನಕ್ಕೂ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಯಾವುದು ಬೇಕು ಎಂದು ಅಂಗಡಿಯವನು ಕೇಳಿದಾಗ ಅಪ್ಪನ ಬ್ರಾಂಡು ಬಾಯಿಗೆ ತಾನಾಗಿ ಬಂತು.

ಅವ್ವ ಬಾಟಲಿ ನೋಡಿದಳು. ಸೆರಗಿನಿಂದ ಅದರ ಧೂಳು ಒರೆಸಿ ಎಡೆಯ ಪಕ್ಕ ಇಟ್ಟಳು. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ನಾವಿಬ್ಬರೂ ಹೊರಗೆ ನಿಂತೆವು. ಒಳಗೆ ಅಷ್ಟೊಂದು ನಿಶ್ಶಬ್ದವನ್ನು ನಾನು ಕೇಳಿದ್ದೇ ಇಲ್ಲ. ಲೋಬಾನದ ಹೊಗೆ ಬಾಗಿಲ ಸಂದಿಯಿಂದ ಮೆಲ್ಲಗೆ ಬರುತ್ತಿತ್ತು.

ಬಾಗಿಲು ತೆಗೆದು ಒಂದು ಮುಚ್ಚಳ ಬಾಯಿಗೆ ಹಾಕಿಕೊಂಡೆ. ಗಂಟಲು ಉರಿಯಿತು. ಹಿತ್ತಿಲಿಗೆ ಹೋಗಿ ಯಂತ್ರಕ್ಕೆ ಊದಿದೆ.

ಕೆಂಪು.

ಯಂತ್ರವನ್ನು ಡಬ್ಬಿಗೆ ಹಾಕಲು ಹೋದೆ. ಅದರ ತಳದಲ್ಲಿ ಮಡಚಿಟ್ಟ ಚೀಟಿಯೊಂದಿತ್ತು. ಅದುವರೆಗೆ ಬಿಡಿಸಿಯೂ ನೋಡಿರಲಿಲ್ಲ. ಬಾಯಿಗೆ ಏನಾದರೂ ತಾಗಿದ್ದರೆ ಬಾಯಿ ಮುಕ್ಕಳಿಸಿ, ಇಪ್ಪತ್ತು ನಿಮಿಷ ಕಾದು ಮತ್ತೆ ಊದಿಸಬೇಕು ಎಂದು ಅದರಲ್ಲಿತ್ತು. ಬಾಯಿ ಮುಕ್ಕಳಿಸಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಇಪ್ಪತ್ತು ನಿಮಿಷ ಕಳೆದು ಊದಿದಾಗ ಹಸಿರು ದೀಪ ಬಂತು. ಅಣ್ಣನಿಗೆ ನಾನು ಕೊಡದೆ ಹೋದದ್ದು ಆ ಇಪ್ಪತ್ತು ನಿಮಿಷ. 

ಅಲ್ಲಿಂದಲೇ ಮಾಲೀಕರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನೀವು ಬಾಯಿಗೆ ಹಾಕ್ಕಂಡ್ರಾ? ನೀವಾ?" ಎಂದು ಎರಡು ಸಲ ಕೇಳಿದರು. ಆಮೇಲೆ, "ಹಂಗಾದ್ರೆ ಕೀಲಿ ಅವ್ರಿಗೇ ಕೊಡ್ರಿ" ಎಂದರು.

ಸಂಜೆ ನ್ಯಾಮತಿಗೆ ಮರಳಿ, ಜಗಳೂರು ಗಾಡಿ ವಾಪಸು ಬಂದ ಮೇಲೆ ಅದರ ಕೀಲಿ ಹಿಡಿದು ಹಿಂದಿನ ಓಣಿಗೆ ಹೋದೆ. ಅಣ್ಣ ಜಗಲಿಯ ಮೇಲೆ ಕೂತಿದ್ದರು. ಬೆಳಗಿನ ಡ್ರೈವರ್ ಅಂಗಿಯನ್ನು ಇನ್ನೂ ಬಿಚ್ಚಿರಲಿಲ್ಲ.

"ತಪ್ಪು ನಂದು ಅಣ್ಣ" ಎಂದೆ. ಅಪ್ಪನಿಗೆ ಬಾಟಲಿ ಇಡದೆ ಬಂದದ್ದರಿಂದ ಹಿಡಿದು ನಡೆದದ್ದನ್ನೆಲ್ಲ ಹೇಳಿದೆ.

ಅವರು ಕೀಲಿಯನ್ನು ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತ, "ಅಂದ್ರೆ ಅಪ್ಪಗೆ ಇಟ್ರಿ" ಅಂದರು.

"ಇಟ್ಟೆ."

"ಇಡದೇ ಎಷ್ಟು ವರ್ಷ ಆಗಿತ್ತು?"

"ಹನ್ನೊಂದು."

ಅಣ್ಣ ಕೀಲಿ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಸರಿದು ಜಗಲಿಯ ಮೇಲೆ ನನಗೆ ಜಾಗ ಮಾಡಿದರು.

"ಹಂಗಾದ್ರೆ ಕುಂತ್ಕಳ್ರಿ" ಅಂದರು. "ಇವತ್ತು ನಿಮ್ಮಪ್ಪ ಒಳಗೆ ಬಂದು ಉಂಡಿರ್ತಾರೆ."