ತಂಗಿಯ ಬೆರಳಿಗೆ ಹಚ್ಚಿದ ಬಿಳುಪು

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಅಪ್ಪ ಬಸರೀಕಟ್ಟೆ ಕಡೆಯ ಎಸ್ಟೇಟಿನಲ್ಲಿ ಕೂಲಿ. ನಾನು ಕೊಪ್ಪದಲ್ಲಿ ಹಾಸ್ಟೆಲ್ ಸಾರು ಉಂಡು ಓದಿದವನು. ಬಿ.ಎಸ್ಸಿ. ಆಗಿ ಫೋಟೋ ಸ್ಟುಡಿಯೋ ಸೇರಿದಾಗ ಜನ ನಕ್ಕರು. ನಗಲಿ. ರೀಲು ಹೋಗಿ ಡಿಜಿಟಲ್ ಬಂದ ಹೊಸತು ಅದು. ಹಳೇ ಫೋಟೋಗ್ರಾಫರುಗಳು ಅಂದಾಜಿನ ಮೇಲೆ ಬಟನ್ ಒತ್ತುತ್ತಿದ್ದಾಗ ನಾನು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಕ್ಯಾಮೆರಾದ ಇಂಗ್ಲಿಷ್ ಪುಸ್ತಕ ಓದಿದೆ. ಬಿಳಿ ಗೋಡೆಯ ಮುಂದೆ ನಿಂತ ಕಪ್ಪು ಮುಖ ಇನ್ನೂ ಕಪ್ಪಾಗುತ್ತದೆ, ಯಾಕೆಂದರೆ ಕ್ಯಾಮೆರಾ ಗೋಡೆಯ ಬೆಳಕನ್ನು ಅಳೆದು ಮೋಸಹೋಗುತ್ತದೆ. ಅಳೆಯಬೇಕಾದ್ದು ಕೆನ್ನೆಯ ಮೇಲಿನ ಬೆಳಕನ್ನು. ಫ್ಲ್ಯಾಷನ್ನು ಮುಖಕ್ಕೆ ಹೊಡೆಯದೆ ಚಾವಣಿಗೆ ತಿರುಗಿಸಿದರೆ ಬೆಳಕು ಮೆತ್ತಗೆ ಇಳಿಯುತ್ತದೆ. ಇದನ್ನೆಲ್ಲ ಯಾರೂ ಹೇಳಿಕೊಡಲಿಲ್ಲ.

ಆದರೆ ಗಿರಾಕಿಗಳಿಗೆ ಬೇಕಾದದ್ದು ಬೇರೆ. ಗಂಡಿನ ಮನೆಗೆ ಕಳಿಸುವ ಫೋಟೋಕ್ಕೆ ಹುಡುಗಿಯನ್ನು ಕೂರಿಸಿ, "ಸ್ವಲ್ಪ ಬೆಳ್ಳಗೆ ಮಾಡಿಕೊಡಿ ಮಾರಾಯ್ರೆ" ಅನ್ನುತ್ತಿದ್ದರು. ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಮುಖ ಬೆಳ್ಳಗೆ ಮಾಡುತ್ತಿದ್ದರು, ಕೈ ಮರೆಯುತ್ತಿದ್ದರು. ಗಂಡಿನ ಕಡೆಯ ಹೆಂಗಸರು ಇದನ್ನು ಕಂಡುಹಿಡಿದಿದ್ದರು. ಫೋಟೋ ಬಂದ ಕೂಡಲೇ ಮುಖ ಬಿಟ್ಟು ಬೆರಳು ನೋಡುತ್ತಿದ್ದರು. ನಿಜವಾದ ಬಣ್ಣ ಅಲ್ಲಿರುತ್ತಿತ್ತು.

ತಂಗಿಗೆ ನರಸಿಂಹರಾಜಪುರದ ಕಡೆಯ ಸಂಬಂಧ ಬಂತು. ಹುಡುಗ ಮೇಷ್ಟ್ರು. ಯಾರದೋ ಮದುವೆಯಲ್ಲಿ ಅವಳು ಅವನನ್ನು ನೋಡಿದ್ದಳು, ಅವನು ಇವಳನ್ನು ನೋಡಿರಲಿಲ್ಲ. ಆದರೆ ಇವನೇ ಆಗಲಿ ಅಂತ ಅಮ್ಮನ ಹತ್ತಿರ ಬಾಯಿಬಿಟ್ಟು ಹೇಳಿದ್ದಳು.

"ಇದ್ದ ಹಾಗೇ ತೆಗಿ ಅಣ್ಣ," ಅಂದಳು ನನಗೆ.

ನಾನು ಕೇಳಲಿಲ್ಲ. ಮುಖ, ಕುತ್ತಿಗೆ, ಕಿವಿಯ ಹಿಂದೆ, ಆಮೇಲೆ ಹತ್ತೂ ಬೆರಳು. ಗೆಣ್ಣುಗೆಣ್ಣಿಗೆ ನೆರಳು ಉಳಿಸಿಕೊಂಡು ಎರಡು ದಿನ ಕಂಪ್ಯೂಟರಿನ ಮುಂದೆ ಕೂತು ಬಿಳುಪು ಹಚ್ಚಿದೆ. ಬಳೆಯಡಿಯ ಗೆರೆಯನ್ನೂ ಬಿಡಲಿಲ್ಲ. ಅಷ್ಟು ಅಚ್ಚುಕಟ್ಟಾದ ಕೆಲಸ ಮತ್ತೆ ಮಾಡಿಲ್ಲ.

ಫೋಟೋ ಒಪ್ಪಿ ಗಂಡಿನ ಕಡೆಯವರು ಹೆಣ್ಣು ನೋಡಲು ಬಂದರು. ಅಪ್ಪ ನನ್ನನ್ನು "ಡಿಗ್ರಿ ಆಗಿದೆ" ಅಂತ ಎರಡು ಸಲ ಪರಿಚಯ ಮಾಡಿಸಿದ. ತಂಗಿ ಕಾಫಿ ತಂದಳು. ಹುಡುಗನ ಸೋದರತ್ತೆ ಬ್ಯಾಗಿನಿಂದ ಫೋಟೋ ತೆಗೆದು ಅವಳ ಪಕ್ಕ ಹಿಡಿದಳು.

"ಇದು ಅಕ್ಕನಾ? ಹುಡುಗಿ ಎಲ್ಲಿ?"

"ಅವಳೇ," ಅಂದಳು ಅಮ್ಮ, ತಮಾಷೆ ಅಂದುಕೊಂಡು ನಗುತ್ತ.

ಅತ್ತೆ ತಂಗಿಯ ಕೈ ಹಿಡಿದು, ಬಟ್ಟೆ ಆರಿಸುವವರ ಹಾಗೆ ಕಿಟಕಿಯ ಬೆಳಕಿಗೆ ತಿರುಗಿಸಿದಳು. "ಕೈ ನೋಡಿಯೇ ನಾವು ಒಪ್ಪಿದ್ದು ಮಾರಾಯ್ರೆ. ಬೆರಳಿಗೂ ಸುಣ್ಣ ಬಳೀತಾರೆ ಅಂತ ಗೊತ್ತಿರ್ಲಿಲ್ಲ!"

ಜೊತೆಗೆ ಬಂದವರೆಲ್ಲ ನಕ್ಕರು. ಹುಡುಗ ನಗಲಿಲ್ಲ. ಎದ್ದು ಚಪ್ಪಲಿ ಹಾಕಿಕೊಳ್ಳುತ್ತ ತಂಗಿಗೇ ಹೇಳಿದ: "ಕಪ್ಪು ಅನ್ನೋದು ನಂಗೆ ಎಂತದೂ ಅಲ್ಲ. ಆದ್ರೆ ಸುಳ್ಳು ಕಳಿಸಿದ್ರಲ್ಲ ನೀವು."

"ಅವಳಿಗೆ ಗೊತ್ತಿಲ್ಲ, ಮಾಡಿದವನು ನಾನು" ಎಂದು ನಾನು ಹೇಳಬಹುದಿತ್ತು. ಹೇಳಿದ್ದರೆ ಅವನು ಕೂರುತ್ತಿದ್ದನೋ ಏನೋ. ಡಿಗ್ರಿ ಆದವನು ಅಷ್ಟು ಜನರ ಮುಂದೆ ಸಣ್ಣವನಾಗಲು ತಯಾರಿರಲಿಲ್ಲ. ತಂಗಿ ನನ್ನನ್ನೇ ನೋಡುತ್ತಿದ್ದಳು, ಅವರ ಜೀಪು ಹೊರಡುವವರೆಗೂ.

ಎರಡು ವರ್ಷದ ಮೇಲೆ ಶೃಂಗೇರಿ ಕಡೆಯ ಹುಡುಗನ ಜೊತೆ ಅವಳ ಮದುವೆಯಾಯಿತು. ಫೋಟೋ ಕಳಿಸಿರಲಿಲ್ಲ, ಅವನೇ ಬಂದು ನೋಡಿ ಒಪ್ಪಿದ್ದ. ಮದುವೆಯ ಫೋಟೋಕ್ಕೆ ಅವಳೇ ಹೇಳಿ ಬೇರೆಯವನನ್ನು ಕರೆಸಿದ್ದಳು. ಏನೂ ತಿಳಿಯದವನು. ಫ್ಲ್ಯಾಷನ್ನು ನೇರ ಮುಖಕ್ಕೆ ಹೊಡೆಯುತ್ತಿದ್ದ, ಹಣೆಯೆಲ್ಲ ಎಣ್ಣೆ ಸುರಿದ ಹಾಗೆ ಮಿಂಚುತ್ತಿತ್ತು. ತಡೆಯಲಾಗದೆ ಮಂಟಪದ ಹತ್ತಿರ ಹೋಗಿ, "ಸ್ವಲ್ಪ ಮೇಲಕ್ಕೆ ತಿರುಗಿಸು ಮಾರಾಯ," ಅಂದೆ.

ತಂಗಿ ಗಂಡನ ಪಕ್ಕದಿಂದಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಅಣ್ಣ, ನೀನು ಊಟಕ್ಕೆ ಹೋಗು. ಇಲ್ಲಿ ನಿಂಗೆ ಎಂತ ಕೆಲಸವೂ ಇಲ್ಲ."

ಹೋದೆ. ಮೊದಲ ಪಂಕ್ತಿಗೆ ಎಲೆ ಹಾಕುತ್ತಿದ್ದರು.