ಗುಳಿಗೆ ಡಬ್ಬಿ ಎಂದೆ

ಹದಿನಾಲ್ಕು ಶತಮಾನಗಳ ಹಿಂದೆ ವೈರಿಗಳ ಕೈಸೇರಿದ ಊರಿಗಾಗಿ ಒಬ್ಬರು ಇಂದೂ ಕಣ್ಣೀರು ಹಾಕುವುದನ್ನು ನಾನು ಕಂಡದ್ದು ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ, ನನ್ನ ಮನೆಯೊಡತಿಯ ಅಡುಗೆಮನೆಯಲ್ಲಿ. ಮಿರಿಯಂ ಜೆರುಸಲೇಮಿನಲ್ಲಿ ಹುಟ್ಟಿದ ಕ್ರೈಸ್ತ ಅಜ್ಜಿ. ನಾನು ಧಾರವಾಡದಿಂದ ಇಲ್ಲಿನ ಆಸ್ಪತ್ರೆಗೆ ಡಾಕ್ಟರಾಗಿ ಬಂದು, ಅವರ ಅಟ್ಟದ ಕೋಣೆ ಹಿಡಿದು ಐದು ತಿಂಗಳಾಗಿತ್ತು.

ನಮ್ಮಲ್ಲಾದರೆ ಬಾಡಿಗೆದಾರನ ಜಾತಿ, ಮಠ ಎಲ್ಲದರ ವಿಚಾರಣೆ ಮೊದಲ ದಿನವೇ ಆಗುತ್ತದೆ. ಮಿರಿಯಂ ಕೇಳಿದ್ದು ಬೆಳಿಗ್ಗೆ ಏನು ತಿನ್ನುತ್ತೀಯ ಎಂದಷ್ಟೇ. ಅವರು ಕೊಡುವ ಜಾತರ್, ಎಂದರೆ ಎಳ್ಳು ಬೆರೆತ ಒಣಸೊಪ್ಪಿನ ಪುಡಿ, ರೊಟ್ಟಿಗೆ ನಮ್ಮ ಚಟ್ನಿಪುಡಿಯಂತೆಯೇ ಒಗ್ಗುತ್ತದೆ. ಹೊಟ್ಟೆಗೆ ಊರು ಬೇಗ ಹಿಡಿಸಿತು.

ಕೆಲಸದ ಮೊದಲ ದಿನ ಬಟ್ಟೆ ಬದಲಿಸುವಾಗ ಸಹೋದ್ಯೋಗಿಯೊಬ್ಬ ನನ್ನ ಕೊರಳಿನ ಬೆಳ್ಳಿ ಕರಡಿಗೆ ನೋಡಿ, ಚೆನ್ನಾಗಿದೆ, ಏನದು ಎಂದ. ಅದರೊಳಗೆ ಇಷ್ಟಲಿಂಗವಿದೆ, ಎಂಟನೇ ವಯಸ್ಸಿನಲ್ಲಿ ಗುರುಗಳು ಅಂಗೈಯಲ್ಲಿ ಇಟ್ಟದ್ದು, ಉಸಿರಿರುವವರೆಗೆ ಮೈಬಿಡಬಾರದ್ದು ಎನ್ನಬೇಕಿತ್ತು. "ಗುಳಿಗೆ ಡಬ್ಬಿ" ಎಂದೆ. ಆತ ನಗಲೂ ಇಲ್ಲ, ನಂಬಿಬಿಟ್ಟ. ಅಂದು ಸಂಜೆಯೇ ಕರಡಿಗೆ ಕಾಲುಚೀಲಗಳ ಡ್ರಾಯರ್ ಸೇರಿತು. ಅವ್ವ ಫೋನಿನಲ್ಲಿ "ಪೂಜಿ ಆತೇನಪಾ?" ಎಂದರೆ "ಆತವ್ವಾ" ಎನ್ನುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಆದರೂ ಎನ್ನುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಮಿರಿಯಂಗೆ ಶಿಲುಬೆಯ ಹಬ್ಬ. ರೊಟ್ಟಿ ಸುಡುತ್ತ ಕಥೆ ಹೇಳಿದರು.

"ರೋಮನ್ನರಿಗೂ ಪರ್ಷಿಯನ್ನರಿಗೂ ಯುದ್ಧ. ಪರ್ಷಿಯನ್ನರು ನಮ್ಮ ಊರು ಹಿಡಿದರು, ಜನರನ್ನು ಕೊಂದರು, ಏಸುವಿನ ಶಿಲುಬೆಯನ್ನೇ ಹೊತ್ತೊಯ್ದರು. ವರ್ಷಗಳ ಮೇಲೆ ಅದು ತಿರುಗಿ ಬಂತು. ಪೆಟ್ಟಿಗೆಯ ಮುದ್ರೆ ಒಡೆದಿರಲಿಲ್ಲ ಅಂತಿದ್ದಳು ನನ್ನಜ್ಜಿ." ಕಣ್ಣೊರೆಸಿಕೊಂಡು ಕೇಳಿದರು, "ನಿಮ್ಮಿಂದಲೂ ಯಾರಾದರೂ ಹೀಗೆ ಏನಾದರೂ ಕಿತ್ತುಕೊಂಡಿದ್ದಾರೇನಪ್ಪ?"

ಅವರ ಊರನ್ನು ಗೆಲ್ಲಲು ಒಂದು ಸಾಮ್ರಾಜ್ಯದ ದಂಡು ಬರಬೇಕಾಯಿತು. ನನ್ನ ಮೇಲೆ ಯಾರೂ ದಂಡೆತ್ತಿ ಬಂದಿರಲಿಲ್ಲ. ಒಬ್ಬ, ಅದೂ ಮೆಚ್ಚಿ, ಒಂದು ಮಾತು ಕೇಳಿದ್ದ ಅಷ್ಟೇ.

ಅಂದು ಅವ್ವನಿಗೆ ನಾನೇ ಫೋನ್ ಮಾಡಿದೆ. "ಪೂಜಿ ಆಗಿಲ್ಲವ್ವಾ. ಐದು ತಿಂಗಳಾತು. ಲಿಂಗ ಮೈಮ್ಯಾಲೆ ಇಲ್ಲ."

ಅವ್ವ, "ಹೋಗು, ಕಟ್ಕೊಂಡು ಬಾ. ನಾ ಫೋನ್ ಇಡೂದಿಲ್ಲ" ಎಂದಳು.

ಈಗ ಕೊರಳಲ್ಲಿದೆ. ಬೆಳಿಗ್ಗೆ ಅಟ್ಟದಲ್ಲಿ ಪೂಜೆ ಮುಗಿಯುವವರೆಗೆ ಮಿರಿಯಂ ಚಹಾ ತಣ್ಣಗಾಗದಂತೆ ಮುಚ್ಚಿಟ್ಟಿರುತ್ತಾರೆ. ಮೊನ್ನೆ ಆಸ್ಪತ್ರೆಯಲ್ಲಿ ಅದೇ ಸಹೋದ್ಯೋಗಿ ಕರಡಿಗೆಯನ್ನು ಮತ್ತೆ ಕಂಡು, ಆರೋಗ್ಯ ಹೇಗಿದೆ, ಗುಳಿಗೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀಯ ತಾನೇ ಎಂದು ನಿಜವಾದ ಕಳಕಳಿಯಿಂದ ಕೇಳಿದ.

"ಹೌದು, ದಿನಾ" ಎಂದೆ.