ಕೊಳಗದವರು ಮತ್ತು ನನ್ನ ಒಂದು ಸ್ನಾನ

ಮದುವೆಯ ಇನ್ವಿಟೇಷನ್ ಕಾರ್ಡ್ ಕೈಗೆ ಬಂದರೆ ನಾನು ಹುಡುಗ ಹುಡುಗಿಯ ಹೆಸರು ನೋಡುವುದಿಲ್ಲ, ಮುಹೂರ್ತವನ್ನೂ ನೋಡುವುದಿಲ್ಲ. ಕನ್ನಡಕ ಏರಿಸಿಕೊಂಡು ನೇರವಾಗಿ ಕೆಳಕ್ಕಿಳಿಯುತ್ತೇನೆ. ಅಲ್ಲಿ ‘ಸುಖಾಗಮನ ಬಯಸುವವರು’ ಎಂಬ ತಲೆಬರಹದ ಅಡಿಯಲ್ಲಿ ಸಾಸಿವೆ ಕಾಳಿನಂಥ ಅಕ್ಷರಗಳಾಗಿ ಅರ್ಧ ಊರು ನಿಂತಿರುತ್ತದೆ. ಆ ಗುಂಪಿನಲ್ಲಿ ‘ಕೊಳಗ’ ಎಂಬ ಒಂದು ಮಾತು ಇದೆಯೇ ಎಂದು ಬೆರಳಿಟ್ಟು ಹುಡುಕುತ್ತೇನೆ. ಸಿಕ್ಕದಿದ್ದರೆ ಕಾರ್ಡು ಮಡಿಸಿ ಟಿ.ವಿ. ಮೇಲೆ ಇಡುತ್ತೇನೆ. ಆಮೇಲೆ ನಮ್ಮೆಜಮಾನರು, “ಮದುವೆ ಎಲ್ಲಂತೆ?” ಎಂದು ಕೇಳಿದರೆ ನನಗೆ ಗೊತ್ತಿರುವುದಿಲ್ಲ.

ಕೊಳಗ ನನ್ನ ತವರಿನ ಹೆಸರು. ಸರ್‌ನೇಮ್ ಅನ್ನೋಣವೆಂದರೆ ನಮ್ಮ ತುಮಕೂರು ಸೀಮೆಯಲ್ಲಿ ಅಂಥ ಪದ್ಧತಿಯೇ ಕಡಿಮೆ. ಧಾರವಾಡದ ಕಡೆಯವರು ಹೆಸರಿನ ಬೆನ್ನಿಗೆ ಮೆಣಸಿನಕಾಯಿ, ಉಳ್ಳಾಗಡ್ಡಿ ಎಂದು ಅಡುಗೆಮನೆಯನ್ನೇ ಕಟ್ಟಿಕೊಂಡು ಓಡಾಡುತ್ತಾರೆ. ನಮಗೆ ಎರಡು ಇನಿಷಿಯಲ್ ಸಾಕು. ಒಂದು ಊರು, ಒಂದು ಅಪ್ಪ. ಮನೆತನದ ಹೆಸರು ಏನಿದ್ದರೂ ಹಿರಿಯರ ಬಾಯಲ್ಲಿ, ಮದುವೆ ಮಾತುಕತೆಯ ದಿನ ಮಾತ್ರ ಹೊರಗೆ ಬರುವ ಒಡವೆ. ನಾನು ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಹುಟ್ಟಿದವಳು. ತುಮಕೂರಿನ ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿಸಲು ಅಪ್ಪ ಕರೆದುಕೊಂಡು ಬಂದಾಗ, ಬಿಳಿಯ ಉಡುಪಿನ ಮದರ್ ಪೆನ್ನು ಹಿಡಿದು, ಇನಿಷಿಯಲ್ ಈಸ್ ನಾಟ್ ಎ ನೇಮ್ ಎಂದುಬಿಟ್ಟರು. ಅಪ್ಪನಿಗೆ ಗಾಬರಿ. ಮನೆತನದ ಹೆಸರು ಹೇಳಿದರು. ಅದರ ಮೀನಿಂಗ್ ಏನೆಂದು ಮದರ್ ಕೇಳಿದ್ದಕ್ಕೆ, ಎರಡೂ ಕೈ ಅಗಲಿಸಿ ಪಾತ್ರೆಯ ಗಾತ್ರ ತೋರಿಸಿದರು. ಮದರ್ ಸ್ವಲ್ಪ ಯೋಚಿಸಿ, “ಆಹ್, ಬುಶೆಲ್” ಎಂದು ಇಂಗ್ಲಿಷರ ಧಾನ್ಯದ ಅಳತೆಯ ಹೆಸರು ಹೇಳಿದರು. ಆ ದಿನದಿಂದ ನಾನು ರತ್ನ ಕೊಳಗ. ಸ್ಕ್ರಿಪ್ಚರ್ ಕ್ಲಾಸಿನಲ್ಲಿ, ದೀಪ ಹಚ್ಚಿ ಬುಶೆಲ್ಲಿನ ಕೆಳಗೆ ಇಡಬಾರದು ಎಂಬ ಬೈಬಲ್ಲಿನ ಮಾತು ಬಂದಾಗಲೆಲ್ಲ ಮೂರು ಬೆಂಚಿನ ಹುಡುಗಿಯರು ನನ್ನ ಕಡೆ ತಿರುಗುತ್ತಿದ್ದರು. ನಾನು ನಾಚುತ್ತಿದ್ದೆ, ಒಳಗೊಳಗೆ ಹಿಗ್ಗುತ್ತಲೂ ಇದ್ದೆ. ಉಳಿದವರೆಲ್ಲ ಇನಿಷಿಯಲ್ಲುಗಳು, ನಾನೊಬ್ಬಳು ಅಳತೆ.

ಈ ಕಾಲದ ಮಕ್ಕಳಿಗೆ ಕೊಳಗವೆಂದರೇನು ಎಂದು ಹೇಳಬೇಕು. ಧಾನ್ಯ ಅಳೆಯುವ ದೊಡ್ಡ ಪಾತ್ರೆ. ಎಷ್ಟು ಸೇರಿಗೆ ಒಂದು ಕೊಳಗ ಎಂದು ಮಾತ್ರ ಕೇಳಬೇಡಿ, ಊರೂರಿಗೆ ಬೇರೆ. ಹಳೆಯ ಶಾಸನಗಳಲ್ಲಿ ಭೂಮಿಯನ್ನೂ ಕೊಳಗದಲ್ಲೇ ಹೇಳಿದ್ದಾರೆ, ಅಷ್ಟು ಕೊಳಗ ಬೀಜ ಹಿಡಿಯುವ ಗದ್ದೆ ಎಂಬ ಅರ್ಥದಲ್ಲಿ. ಕಡಬದ ಕೆರೆಯ ಕೆಳಗಿನ ಗದ್ದೆಗಳ ಫಸಲನ್ನು ಕಣದಲ್ಲಿ ಅಳೆಯುವ ಹಕ್ಕು ನಮ್ಮ ಹಿರಿಯರದಂತೆ. ಹಾಗೆಂದು ಹೇಳಿದವರು ಗುಬ್ಬಿಯಲ್ಲಿದ್ದ ನನ್ನ ಚಿಕ್ಕಪ್ಪ, ಅಪ್ಪನ ಕೊನೆಯ ತಮ್ಮ. ಅಳೆಯುವಾಗ ‘ಒಂದು’ ಎನ್ನುವಂತಿಲ್ಲ. ಮೊದಲ ಕೊಳಗಕ್ಕೆ ‘ಲಾಭ’ ಎನ್ನಬೇಕು, ಆಮೇಲೆ ಎರಡು, ಮೂರು. ಇದನ್ನು ಎಲ್ಲ ರೈತರೂ ಮಾಡುತ್ತಾರೆ. ಆದರೆ ನಮ್ಮ ಮನೆಯದೇ ಆದ ಒಂದು ಪದ್ಧತಿಯಿತ್ತು. ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಎಲ್ಲರ ಮನೆಯಲ್ಲೂ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಡುತ್ತಾರಲ್ಲ, ಹುಡುಗಿ ಬಲಗಾಲಿನಿಂದ ಒದ್ದು ಒಳಗೆ ಬರುತ್ತಾಳಲ್ಲ, ಕೊಳಗದವರ ಮನೆಯಲ್ಲಿ ಒದೆಯುವುದಿಲ್ಲ. ಅನ್ನ ಕೊಟ್ಟ ಅಳತೆಗೆ ಕಾಲು ತಾಗಿಸುವುದುಂಟೇ? ಸೊಸೆ ಎರಡೂ ಕೈಯಿಂದ ಎತ್ತಿ, ‘ಲಾಭ’ ಎಂದು ಹೇಳಿ, ಒಳಕ್ಕೆ ಸುರಿಯುತ್ತಾಳೆ. ಅಮ್ಮ ಹಾಗೆ ಬಂದವಳು, ಚಿಕ್ಕಮ್ಮ ಹಾಗೆ ಬಂದವಳು. ಭೂಮಂಡಲದಲ್ಲಿ ನಮ್ಮನ್ನು ಬಿಟ್ಟು ಇನ್ಯಾರೂ ಹೀಗೆ ಮಾಡುವುದಿಲ್ಲ ಎಂಬುದು ನನ್ನ ಬಾಲ್ಯದ ದೊಡ್ಡ ಪ್ರೈಡ್.

ನಾನು ಮಾತ್ರ ಒದ್ದೆ. ಕೋರ ಎಂಬ ಊರಿನಲ್ಲಿ, ಗಂಡನ ಮನೆಯ ಹೊಸ್ತಿಲಿನಲ್ಲಿ ಕಾಲು ಮೇಲೇಳದೆ ನಿಂತೇ ಇದ್ದೆ. ಅತ್ತೆ ಒಳಗಿನಿಂದ, “ಒದಿಯಮ್ಮ, ಯಾಕೆ ಯೋಚ್ನೆ ಮಾಡ್ತೀಯ, ನಾವೇನು ಅಕ್ಕಿ ವಾಪಸ್ ಕೇಳಲ್ಲ” ಎಂದರು. ಎಲ್ಲರೂ ನಕ್ಕರು. ಸೇರು ಉರುಳಿತು. ಮರುದಿನದಿಂದ ನಾನು ಮಿಸೆಸ್ ಇನ್ನೇನೋ ಆದೆ.

ತೊಂಬತ್ತರ ದಶಕದಲ್ಲಿ, ಮಕ್ಕಳೆಲ್ಲ ಒಂದು ದಡ ಸೇರಿ, ತುಮಕೂರಿನ ಮನೆಯಲ್ಲಿ ಮಧ್ಯಾಹ್ನಗಳು ಉದ್ದವಾದಾಗ ಈ ಹೆಸರಿನ ಹುಚ್ಚು ಮರಳಿ ಬಂತು. ಗೋಡೆಗೆ ಜಿಲ್ಲೆಯ ಮ್ಯಾಪ್ ಹಾಕಿ, ಕೊಳಗದವರು ಇದ್ದಾರೆಂದು ತಿಳಿದ ಊರಿನ ಮೇಲೆಲ್ಲ ಒಂದೊಂದು ಸ್ಟಿಕರ್ ಬಿಂದಿ ಅಂಟಿಸತೊಡಗಿದೆ. ಬಸ್ಸಿನ ಕಿಟಕಿಯಿಂದ ಅಂಗಡಿ ಬೋರ್ಡು ಓದುತ್ತಿದ್ದೆ. ಲಾರಿಗಳ ಹಿಂಬದಿಯನ್ನೂ ಬಿಡಲಿಲ್ಲ. ಕಡಬ, ಗುಬ್ಬಿ, ಅವುಗಳ ಸುತ್ತ ಸಿಡುಬು ಎದ್ದ ಹಾಗೆ ಕೆಂಪು. ತುಮಕೂರಿನಲ್ಲಿ ಅಲ್ಲೊಂದು ಇಲ್ಲೊಂದು, ನೌಕರಿ ಹಿಡಿದು ಬಂದವರು. ಕೋರ ದಾಟಿ ಉತ್ತರಕ್ಕೆ ಹೋದರೆ ಒಂದೂ ಇಲ್ಲ. ಕೆರೆಯ ನೀರು ಹರಿದಷ್ಟು ದೂರ ಹೆಸರು ಹರಿದಿದೆ, ಆಮೇಲೆ ಬಸ್ಸು ಹೋದಷ್ಟು ದೂರ, ಎಂಬುದು ನನ್ನ ಥಿಯರಿ. ನಮ್ಮ ಮನೆ ಇರುವ ಜಾಗಕ್ಕೆ ಒಂದು ಹಸಿರು ಬಿಂದಿ ಅಂಟಿಸಿದ್ದೆ. ಅದು ನಾನು. “ಹಸಿರು ಯಾಕೆ?” ಎಂದು ನಮ್ಮೆಜಮಾನರು ಕೇಳಿದಾಗ ಆ ಬಿಂದಿಯನ್ನು ಹೆಬ್ಬೆರಳಿನಿಂದ ಇನ್ನಷ್ಟು ಒತ್ತಿ ಅಂಟಿಸಿದೆ.

ಒಮ್ಮೆ ಇಬ್ಬರೂ ಮೈಸೂರಿಗೆ ಹೊರಟಿದ್ದೆವು. ಕುಣಿಗಲ್ ಬಸ್ ಸ್ಟ್ಯಾಂಡಿನ ಎದುರು ‘ಕೊಳಗ ಟೈಲರ್ಸ್’ ಎಂಬ ಬೋರ್ಡು ಕಂಡಿತು. ನಾನು ಇಳಿದುಬಿಟ್ಟೆ. ಬಸ್ಸು ನಮ್ಮೆಜಮಾನರು ಮತ್ತು ಟಿಫನ್ ಕ್ಯಾರಿಯರ್ ಸಮೇತ ಹೊರಟುಹೋಯಿತು. ಅಂಗಡಿಯಲ್ಲಿ ಕೂತಿದ್ದವರು ಮರಿಯಪ್ಪ ಎಂಬ ಮುದುಕರು. ಮಗ ಹೊಲಿಯುತ್ತಿದ್ದ, ಇವರು ಅಂಗಿಯ ಗುಂಡಿಗೆ ಕಾಜಾ ಹಾಕುತ್ತಿದ್ದರು. ನನ್ನ ಹೆಸರು ಕೇಳಿ ಸ್ಟೂಲು ಒರೆಸಿ ಕೂರಿಸಿದರು. ಅವರ ಕಥೆಯೇ ಬೇರೆ. “ನಾವು ಕಣದಾಗೆ ಅಳೆದೋರಲ್ಲ ಕಣವ್ವ. ಇಲ್ಲಿ ಕುದುರೆ ಲಾಯ ಐತಲ್ಲ, ಕುದುರೆಗೆ ಹುರುಳಿ ಅಳೆದೋರು.”

“ಅಳೆಯುವಾಗ ಮೊದಲನೇದಕ್ಕೆ ಲಾಭ ಅಂತೀರಾ?” ಎಂದು ಆಸೆಯಿಂದ ಕೇಳಿದೆ.

“ಕುದುರೆ ಹೊಟ್ಟೆಗೆ ಹೋಗೋದು ಎಂಥಾ ಲಾಭ, ಬುಡವ್ವ,” ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕರು.

ಆದರೂ ನಾನು ಬಿಡಲಿಲ್ಲ. ಅಷ್ಟು ದೂರದಲ್ಲಿ ಒಂಟಿಯಾಗಿ ಸಿಕ್ಕ ಕೊಳಗವನ್ನು ಬಿಟ್ಟುಬರಲು ಮನಸ್ಸಾಗಲಿಲ್ಲ. ಹೊರಡುವ ಹೊತ್ತಿಗೆ ಅವರನ್ನು ದೊಡ್ಡಪ್ಪ ಎಂದು ಕರೆದಾಗಿತ್ತು. ಆಮೇಲೆ ನಾಲ್ಕಾರು ವರ್ಷ ಹಬ್ಬಕ್ಕೊಮ್ಮೆ ಎಸ್.ಟಿ.ಡಿ. ಬೂತಿನಿಂದ ಫೋನು ಮಾಡುತ್ತಿದ್ದೆ. ಒಂದು ದಿನ ಅವರ ಮಗನೇ ಫೋನು ಮಾಡಿ, ಅಪ್ಪ ಹೋದರು ಎಂದ. ನಾನು ಬಾಯ್ಲರಿಗೆ ಬೆಂಕಿ ಹಾಕುವಷ್ಟೂ ಕಾಯದೆ ನಡುಮಧ್ಯಾಹ್ನ ತಲೆಗೆ ತಣ್ಣೀರು ಸುರಿದುಕೊಂಡೆ. ದೇವರ ದೀಪ ಹಚ್ಚಲಿಲ್ಲ. ಪಕ್ಕದ ಮನೆಯಾಕೆ ಸತ್ಯನಾರಾಯಣ ಪೂಜೆಗೆ ಕರೆಯಲು ಬಂದಾಗ, ಕುಣಿಗಲ್‌ನಲ್ಲಿ ನಮ್ಮ ದಾಯಾದಿಗಳು ತೀರಿಕೊಂಡಿದ್ದಾರೆ, ನಮಗೆ ಸೂತಕ ಎಂದು ಗಂಭೀರವಾಗಿ ಹೇಳಿದೆ. ಆಕೆಯ ತವರು ಗುಬ್ಬಿ. ಸುದ್ದಿ ಗುಬ್ಬಿಗೆ ಹೋಗಲು ಬಸ್ಸು ಕಾಯಲಿಲ್ಲ.

ಇದೆಲ್ಲ ಒಬ್ಬ ಹೆಂಗಸಿನ ಹವ್ಯಾಸವಾಗಿ ಮುಗಿದುಹೋಗುತ್ತಿತ್ತೇನೋ. ಆದರೆ ನನ್ನ ತಮ್ಮ ಶಿವುವಿನ ಮಗಳು ಶುಭಾ ಇದ್ದಾಳೆ. ಸ್ಕೂಲಿಗೆ ಸೇರಿಸುವಾಗ ಅವಳ ಹೆಸರಿನ ಮುಂದೆ ಕೊಳಗ ಎಂದು ಬರೆಸಿದವಳು ನಾನೇ. ಎರಡು ಸಾವಿರದ ಆಚೆ ಈಚೆ ಅವಳು ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯ ಅಕೌಂಟ್ಸಿಗೆ ಸೇರಿದಳು. ಅಲ್ಲಿಯ ಹಾಜರಿ ಪುಸ್ತಕದಲ್ಲಿ ಅವಳ ಕೆಳಗಿನ ಸಾಲಿನಲ್ಲಿ ಇನ್ನೊಬ್ಬ ಕೊಳಗ. ಸುರೇಶ, ಸೂಪರ್‌ವೈಸರ್, ಕುಣಿಗಲ್, ನಮ್ಮ ಮರಿಯಪ್ಪನವರ ಮೊಮ್ಮಗ. ಒಂದರ ಕೆಳಗೊಂದು ಸೈನ್ ಮಾಡುತ್ತ ಮಾಡುತ್ತ ಇಬ್ಬರೂ ಮದುವೆಯ ಮಾತಿಗೆ ಬಂದರು. ಒಂದು ಭಾನುವಾರ ಶುಭಾ ಬಂದು ನನ್ನ ಮ್ಯಾಪಿನ ಮುಂದೆ ನಿಂತು ಅತ್ತಳು.

“ಅಪ್ಪ ಆಗಲ್ಲ ಅಂತವ್ರೆ ಅತ್ತೆ. ಒಂದೇ ಮನೆತನದೋರು ಅಣ್ಣ-ತಂಗಿ ಆಗ್ತಾರಂತೆ. ಇಲ್ಲ, ಅವರು ಬೇರೆ ನಾವು ಬೇರೆ ಅಂದ್ರೆ, ನಿಮ್ಮತ್ತೆ ಸ್ನಾನ ಮಾಡಿಲ್ವಾ ಅಂತಾರೆ. ನೀವು ಯಾಕತ್ತೆ ಅವತ್ತು ಸ್ನಾನ ಮಾಡಿದ್ರಿ?”

ಜನ್ಮವಿಡೀ ಸ್ನಾನ ಮಾಡಿದವಳಿಗೆ ಇಂಥ ಪ್ರಶ್ನೆ ಬರುತ್ತದೆಂದು ಯಾವ ಕಾನ್ವೆಂಟೂ ಹೇಳಿಕೊಟ್ಟಿರಲಿಲ್ಲ. ನಮ್ಮಲ್ಲಿ ಸಂಬಂಧದ ಒರೆಗಲ್ಲು ಇದೇ. ಯಾರು ಸತ್ತರೆ ಯಾರು ತಲೆಗೆ ನೀರು ಹಾಕಿಕೊಳ್ಳುತ್ತಾರೋ ಅವರು ಒಂದು ಮನೆ. ಒಂದು ಮನೆಯೊಳಗೆ ಹೆಣ್ಣು ಕೊಡುವಂತಿಲ್ಲ. ವರ್ಷಗಟ್ಟಲೆ ಪ್ರತಿಯೊಬ್ಬ ಕೊಳಗನನ್ನೂ ನಮ್ಮವನೆಂದು ಅಪ್ಪಿಕೊಂಡ ನಾನು, ಈಗ ಹಗಲಿರುಳು ಅವರು ನಮ್ಮವರಾಗದಿರಲಿ ದೇವರೇ ಎಂದು ಬೇಡತೊಡಗಿದೆ.

ತೀರ್ಮಾನ ಗುಬ್ಬಿಯಲ್ಲಿ, ಚಿಕ್ಕಪ್ಪನ ಜಗುಲಿಯ ಮೇಲೆ. ಚಿಕ್ಕಪ್ಪನಿಗೆ ಕಿವಿ ಮಂದ, ಎಂಬತ್ತು ದಾಟಿದ ವಯಸ್ಸು, ಆದರೆ ಮನೆತನದ ಮಾತಿಗೆ ಅವರೇ ಕೊನೆ. ಮನೆದೇವರು ಯಾವುದು ಎಂದು ವಿಚಾರಿಸಿದರು. ಬೇರೆ. ಕುದುರೆ, ಹುರುಳಿ, ಲಾಭ ಅನ್ನದ ಸಂಗತಿ, ಎಲ್ಲವನ್ನೂ ನಾನು ವಕೀಲರಂತೆ ಮಂಡಿಸಿದೆ. ಚಿಕ್ಕಪ್ಪ ತಲೆದೂಗಿದರು. ಶಿವು ಮಾತ್ರ ಕಲ್ಲು.

“ಅದೆಲ್ಲ ಸರಿ ಚಿಕ್ಕಪ್ಪ. ಅಕ್ಕ ಸೂತಕ ಹಿಡ್ದಿದ್ದು ಊರಿಗೆಲ್ಲ ಗೊತ್ತು. ನಾಳೆ ಜನ, ದಾಯಾದಿಗೆ ಮಗಳು ಕೊಟ್ಟ ಅಂತ ಮುಖಕ್ಕೆ ಉಗೀತಾರೆ.”

ಚಿಕ್ಕಪ್ಪ ನನ್ನನ್ನೊಮ್ಮೆ ನೋಡಿದರು. ಆಮೇಲೆ ಶಿವುವಿನ ಕಡೆ ತಿರುಗಿದರು. “ಏನ್ಲಾ ಶಿವು, ಇವಳು ಕೋರದ ಸೊಸೆ ಕಣೋ. ಇವಳು ತಣ್ಣೀರು ಹುಯ್ಕಂಡ್ರೆ ಕೋರದೋರಿಗೆ ಶೀತ ಆಯ್ತದೆ, ಕೊಳಗದೋರಿಗೆ ಏನಾಯ್ತದೆ? ಹುಯ್ಕಬೇಕಾಗಿದ್ದೋನು ನಾನು. ನಾನು ಹುಯ್ಕಂಡಿಲ್ಲ. ನೀನು ಹುಯ್ಕಂಡ್ಯಾ?”

“ಇಲ್ಲ.”

“ಮತ್ತೆ? ಕೊಟ್ಟ ಹೆಣ್ಣಿನ ಸ್ನಾನ ಯಾವ ಲೆಕ್ಕಕ್ಕೆ ಬಂದೀತು? ರತ್ನಿ, ನೀನೇ ಹೇಳು. ನೀನು ಯಾರ ಮನೆಯೋಳು?”

ಬಾಗಿಲ ಮರೆಯಲ್ಲಿ ಶುಭಾಳ ಸೀರೆಯ ಅಂಚು ಕಾಣುತ್ತಿತ್ತು. ಉತ್ತರ ಏನೆಂದು ಎಲ್ಲರಿಗೂ ಗೊತ್ತಿತ್ತು, ನನಗೂ. ಅಪ್ಪ ಎರಡೂ ಕೈ ಅಗಲಿಸಿ ತೋರಿಸಿದ ಆ ಗಾತ್ರ ಕಣ್ಣ ಮುಂದೆ ಬಂತು.

“ಕೋರದವರ ಮನೆಯವಳು,” ಎಂದೆ.

“ಇನ್ನೊಂದು ಸಲ ಹೇಳವ್ವ, ಕಿವಿ ಕೇಳಕ್ಕಿಲ್ಲ,” ಎಂದರು ಚಿಕ್ಕಪ್ಪ. ಗಟ್ಟಿಯಾಗಿ ಹೇಳಿದೆ. ಶಿವು ಟವೆಲಿನಿಂದ ಮುಖ ಒರೆಸಿಕೊಂಡು, “ಆಯ್ತು ಬುಡು, ಹಂಗಾದ್ರೆ ಕಾರ್ಡ್ ಪ್ರಿಂಟ್ ಮಾಡ್ಸಾನ” ಎಂದ.

ಮನೆಗೆ ಬಂದು ಮ್ಯಾಪಿನ ಹಸಿರು ಬಿಂದಿಯನ್ನು ಉಗುರಿನಿಂದ ಕಿತ್ತೆ. ಬಿಂದಿ ಬಂತು, ಅಂಟು ಬರಲಿಲ್ಲ. ಇವತ್ತಿಗೂ ಅಲ್ಲಿ ಒಂದು ಮಾಸಲು ಗುರುತಿದೆ, ಧೂಳು ಕೂತು ಕಪ್ಪಗಾಗಿದೆ. ನಮ್ಮೆಜಮಾನರು ನೋಡಿದರು, ಕಾಫಿ ಮಾಡಿ ತಂದರು. ಅವರ ಕಾಫಿ ಯಾವತ್ತೂ ಚೆನ್ನಾಗಿರುವುದಿಲ್ಲ. ಕುಡಿದೆ.

ಮದುವೆ ಚೆನ್ನಾಗಿ ಆಯಿತು. ಫ್ಯಾಕ್ಟರಿಯ ಕಾಗದಪತ್ರಗಳಲ್ಲಿ ಶುಭಾ ಏನನ್ನೂ ತಿದ್ದಿಸಬೇಕಾಗಲಿಲ್ಲ. ಹೋಗುವಾಗಲೂ ಕೊಳಗ, ಬಂದಮೇಲೂ ಕೊಳಗ. ನಮ್ಮ ಮನೆತನದಲ್ಲಿ ಗಂಡನ ಮನೆಗೆ ಹೋಗುತ್ತ ಹೆಸರನ್ನೂ ಜೊತೆಗೆ ಕಟ್ಟಿಕೊಂಡು ಹೋದ ಹೆಣ್ಣು ಅವಳೊಬ್ಬಳೇ. ಸ್ವಲ್ಪ ಜೆಲಸಿ ಆಯಿತೆಂದು ಹೇಳಿದರೆ ನೀವು ನಗಬಾರದು.

ಕುಣಿಗಲ್‌ನಲ್ಲಿ ಮನೆ ತುಂಬಿಸಿಕೊಳ್ಳುವ ಹೊತ್ತಿಗೆ ನಾವೆಲ್ಲ ಬಾಗಿಲ ಮುಂದೆ ಗುಂಪುಗೂಡಿದ್ದೆವು. ಹೊಸ್ತಿಲ ಮೇಲೆ ಅಕ್ಕಿಯ ಸೇರು. ಬೇರೆಯವರ ಮನೆ, ಅವರ ಪದ್ಧತಿಯಂತೆ ನಡೆದುಕೊ ಎಂದು ಶುಭಾಳಿಗೆ ಮೊದಲೇ ಹೇಳಿಟ್ಟಿದ್ದೆ. ಅವಳು ನೆರಿಗೆ ಸ್ವಲ್ಪ ಎತ್ತಿ ಬಲಗಾಲು ಮುಂದಿಟ್ಟಳು. ಒಳಗಿನಿಂದ ಮರಿಯಪ್ಪನವರ ಹೆಂಡತಿ, ಬೆನ್ನು ಬಾಗಿದ ಮುದುಕಿ, ಕೋಲು ಊರಿಕೊಂಡು ಬಂದರು.

“ತಡಿ, ಕಾಲು ತೆಗಿ ಕಣವ್ವ. ನಮ್ಮನೇಲಿ ಒದಿಯಂಗಿಲ್ಲ. ಎರಡು ಕೈಲೂ ಎತ್ತಿ ಸುರಿ. ಸುರೀವಾಗ ಲಾಭ ಅನ್ನು.”

ಶುಭಾ ಸೇರು ಎತ್ತಿದಳು. “ಲಾಭ” ಎಂದಳು. ಅಕ್ಕಿ ಒಳಗಿನ ನೆಲದ ಮೇಲೆ ಹರಡಿಕೊಂಡಿತು.

ಅಂಗಡಿಯ ಸ್ಟೂಲಿನ ಮೇಲೆ ಕೂತು ಆ ಮುದುಕರು ಕುದುರೆಯ ಹೊಟ್ಟೆಯ ಬಗ್ಗೆ ಹೇಳಿದ್ದು ಬರೀ ತಮಾಷೆಯಾಗಿತ್ತೇ? ಇಷ್ಟು ವರ್ಷ ಬೋರ್ಡು, ಲಾರಿ, ಕಾರ್ಡು ಎಂದು ಹುಡುಕಿದ್ದು ಇದನ್ನೇ ಅಲ್ಲವೇ? ನೀವು ನಮ್ಮವರೇ ಎಂದು ಆ ಮುದುಕಿಯ ಕೈ ಹಿಡಿದು ಕೂಗಬೇಕೆನ್ನಿಸಿತು. ಅಳತೆಯನ್ನು ನಂಬಿ ಬದುಕಿದವರು ಯಾರೇ ಆಗಲಿ ಅಳತೆಯನ್ನು ಒದೆಯುವುದಿಲ್ಲ, ಅದಕ್ಕೆ ರಕ್ತಸಂಬಂಧ ಬೇಕಿಲ್ಲ ಎಂದು ಈಗ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಆ ಕ್ಷಣಕ್ಕೆ ಹೊಳೆಯಲಿಲ್ಲ. ಚಿಕ್ಕಪ್ಪನ ಕಡೆ ನೋಡಿದೆ. ಕಿವಿ ಮಂದವಾದ ಚಿಕ್ಕಪ್ಪ ತಲೆಯೆತ್ತಿ ತೋರಣದ ಮಾವಿನೆಲೆಗಳನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು.

“ರತ್ನಿ,” ಎಂದರು, ತಲೆ ಇಳಿಸದೆ. “ಎಲೆಅಡಿಕೆ ಎಲ್ಲಿ ಮಡಗವ್ರೆ ನೋಡವ್ವ.”

ಕೊಳಗದವರ ಮನೆಯ ವಿಚಾರ. ನಾನು ಕೋರದ ಸೊಸೆ, ನನಗೇಕೆ? ಹರಡಿದ ಅಕ್ಕಿಯನ್ನು ತುಳಿಯದಂತೆ ಸೀರೆ ಎತ್ತಿ ಹಿಡಿದು, ಎಲೆಅಡಿಕೆಯ ತಟ್ಟೆ ಹುಡುಕಲು ಒಳಗೆ ಹೋದೆ.